ಮನವಿ ಪತ್ರವನ್ನು ಓದುವುದು: ‘ಪೌರ’ ಎಂಬ ಪದದ ಸುತ್ತ

1

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮಲ್ಲಿ ಮಾತು ಶುರುವಾಗುವುದು ಕವಿತೆಯಿಂದ. ಆಮೇಲೆ ಕತೆ, ಕಾದಂಬರಿ, ಆತ್ಮಕತೆ. ಬಂಡಾಯದ ದಿನಗಳಿಂದ ಇವತ್ತಿನವರೆಗೆ ಈ ಕ್ರಮ ಹೆಚ್ಚೇನೂ ಬದಲಾಗಿಲ್ಲ. ಆದರೆ ಕೇರಿಯ ಜನ ತಾವು ಬರೆದ, ಯಾರದೋ ಕೈಯಲ್ಲಿ ಬರೆಸಿದ, ಕೊನೆಗೆ ಹೆಬ್ಬೆಟ್ಟು ಒತ್ತಿದ ಬರಹಗಳಲ್ಲಿ ಪದ್ಯಕ್ಕಿಂತ ಅರ್ಜಿಯೇ ಹೆಚ್ಚು. ಕೊಳಾಯಿಗೆ ಅರ್ಜಿ, ಸ್ಮಶಾನದ ಜಾಗಕ್ಕೆ ಅರ್ಜಿ, ಹಾಸ್ಟೆಲ್ ಸೀಟಿಗೆ ಅರ್ಜಿ, ಹಕ್ಕುಪತ್ರಕ್ಕೆ ಅರ್ಜಿ, ಬಾಕಿ ಸಂಬಳಕ್ಕೆ ಅರ್ಜಿ. ಇಷ್ಟೊಂದು ಬರಹವನ್ನು ನಮ್ಮ ವಿಮರ್ಶೆ ಓದುವ ಗೋಜಿಗೇ ಹೋಗಿಲ್ಲ. ಅದು ಕಚೇರಿಯ ಕಡತ, ಸಾಹಿತ್ಯ ಅಲ್ಲ ಅಂತ ಬಿಟ್ಟುಬಿಟ್ಟಿದೆ.

ಹೀಗೆ ಬಿಟ್ಟದ್ದು ಅಮಾಯಕವಾಗಿ ಅಲ್ಲ ಎಂಬುದು ನನ್ನ ಅನುಮಾನ. ಕವಿತೆಯಲ್ಲಿ ದಲಿತರು ನೋಯುತ್ತಾರೆ, ಸಿಟ್ಟಾಗುತ್ತಾರೆ, ಹಾಡುತ್ತಾರೆ. ಅರ್ಜಿಯಲ್ಲಿ ಅವರು ಲೆಕ್ಕ ಕೇಳುತ್ತಾರೆ. ಸಿಟ್ಟನ್ನು ಮೆಚ್ಚಿ ಪ್ರಶಸ್ತಿ ಕೊಡಬಹುದು, ಪಠ್ಯಪುಸ್ತಕಕ್ಕೆ ಹಾಕಬಹುದು. ಲೆಕ್ಕ ಕೇಳಿದರೆ ಲೆಕ್ಕವನ್ನೇ ಕೊಡಬೇಕು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದ ಮೇಲೆ ಅದರ ಬಗ್ಗೆ ಬಂದ ಬರಹಗಳಿಗೆ ಲೆಕ್ಕವಿಲ್ಲ. ಅದೇ ಸಿದ್ಧಲಿಂಗಯ್ಯನವರು ಮುಂದೆ ವಿಧಾನ ಪರಿಷತ್ತಿನಲ್ಲಿ ಕೂತು ಆಡಿದ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂಬ ಹೆಸರಿನಲ್ಲಿ ಪುಸ್ತಕಗಳಾಗಿವೆ. ಅವನ್ನು ನಮ್ಮ ಎಷ್ಟು ತರಗತಿಗಳಲ್ಲಿ ಓದಿಸುತ್ತೇವೆ? ಹಾಡಿದ ಕವಿ ನಮಗೆ ಬೇಕು. ಸರಕಾರವನ್ನು ಪ್ರಶ್ನೆ ಕೇಳಿದ ಅದೇ ಕವಿ ವಿಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲ.

ಈ ಲೇಖನದಲ್ಲಿ ನಾನು ಎರಡು ಬಗೆಯ ಮನವಿಗಳನ್ನು ಪಕ್ಕಪಕ್ಕ ಇಟ್ಟು ಓದಲು ಹೊರಟಿದ್ದೇನೆ. ಒಂದು, ನಾನು ಬಾಡಿಗೆಗಿರುವ ರಾಜಾಜಿನಗರದಂಥ ಬಡಾವಣೆಗಳಲ್ಲಿ ನಿವಾಸಿಗಳು ಪಾಲಿಕೆಗೆ ಕೊಡುವ ಮನವಿ. ಇನ್ನೊಂದು, ಅದೇ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರು ಸರಕಾರದ ಮುಂದೆ ಇಟ್ಟ ಹಕ್ಕೊತ್ತಾಯ. ಎರಡೂ ಸಾರ್ವಜನಿಕ ಸೇವೆ ಸುಧಾರಿಸಲಿ ಎಂದೇ ಕೇಳುತ್ತವೆ. ಆದರೆ ಕೇಳುವ ಭಾಷೆಯಲ್ಲೇ ಯಾರು ಪೌರ, ಯಾರು ಬರೀ ಸೇವೆಯ ಸಾಮಾನು ಎಂಬ ತೀರ್ಮಾನ ಆಗಿಹೋಗಿರುತ್ತದೆ. ಆ ತೀರ್ಮಾನವನ್ನು ಮುರಿಯುವ ಬರಹ ಎರಡನೆಯದು. ನನ್ನ ವಾದ ಇಷ್ಟೇ.

2

ಪುರದಲ್ಲಿ ಇರುವವನು ಪೌರ. ನಗರದಲ್ಲಿ ಇರುವವನು ನಾಗರಿಕ. ಎರಡೂ ಸಂಸ್ಕೃತದಿಂದ ಬಂದ ಪದಗಳು. ‘ನಾಗರಿಕ’ ಎಂದರೆ ನಮ್ಮಲ್ಲಿ ಹಕ್ಕುಳ್ಳವನು ಎಂದೂ ಹೌದು, ಸುಸಂಸ್ಕೃತ ಎಂದೂ ಹೌದು. ಅನಾಗರಿಕ ಎಂದು ಬೈದರೆ ಯಾರೂ ಓಟಿಲ್ಲದವನು ಅಂತ ತಿಳಿಯುವುದಿಲ್ಲ, ನಡತೆ ಇಲ್ಲದವನು ಅಂತಲೇ ತಿಳಿಯುತ್ತಾರೆ. ಹಕ್ಕನ್ನೂ ಸಭ್ಯತೆಯನ್ನೂ ಒಂದೇ ಪದದಲ್ಲಿ ಕಟ್ಟಿಟ್ಟ ಭಾಷೆ ಇದು. ಊರಿಗೂ ಕೇರಿಗೂ ನಡುವೆ ಗೆರೆ ಎಳೆದ ಸಮಾಜದಲ್ಲಿ ಪುರದವನು ಪೌರನಾದರೆ ಕೇರಿಯವನು ಏನು? ಈ ಪ್ರಶ್ನೆಗೆ ನಿಘಂಟಿನಲ್ಲಿ ಉತ್ತರವಿಲ್ಲ.

ಉತ್ತರ ಬಂದದ್ದು ಸರಕಾರಿ ಕಡತದಲ್ಲಿ. ‘ಜಾಡಮಾಲಿ’ ಎಂಬ ಹಳೆಯ ಹೆಸರು ಹೋಗಿ ‘ಪೌರಕಾರ್ಮಿಕ’ ಎಂಬ ಹೊಸ ಹೆಸರು ಬಂತು. ಒಳ್ಳೆಯದೇ ಆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಸಮಾಸವನ್ನು ಬಿಡಿಸಿ ನೋಡಿ. ಪೌರನಾದ ಕಾರ್ಮಿಕನೋ, ಪೌರರ ಕಾರ್ಮಿಕನೋ? ಕರ್ಮಧಾರಯವೋ ತತ್ಪುರುಷವೋ? ವ್ಯಾಕರಣದ ತರಗತಿಯಲ್ಲಿ ನಾನು ಈ ಪ್ರಶ್ನೆ ಕೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಕಳೆದ ಐವತ್ತು ವರ್ಷದ ಹೋರಾಟವನ್ನು ಈ ಒಂದು ವಿಗ್ರಹವಾಕ್ಯದಲ್ಲಿ ಹೇಳಿಬಿಡಬಹುದು. ಸರಕಾರ ತತ್ಪುರುಷ ಎನ್ನುತ್ತಾ ಬಂದಿದೆ, ಸಂಘ ಕರ್ಮಧಾರಯ ಎನ್ನುತ್ತಾ ಬಂದಿದೆ.

ರಾಜಾಜಿನಗರ 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತು ಶುರುವಾದ ಬಡಾವಣೆ. ಸ್ವತಂತ್ರ ದೇಶದ ಹೊಸ ಪೌರನಿಗಾಗಿ ಬ್ಲಾಕು, ಮೇನು, ಕ್ರಾಸು ಅಂತ ಅಳೆದು ಮಾಡಿದ ಊರು. ಜತೆಗೆ ಕೈಗಾರಿಕೆಗಳು, ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆ. ಪಕ್ಕದ ಮಲ್ಲೇಶ್ವರ ಇದಕ್ಕಿಂತ ಹಳೆಯದು, 1898ರ ಪ್ಲೇಗಿನ ಹೊತ್ತಿನದು. ಅಲ್ಲಿ ಸಾಲುಮನೆಗಳ ಹಿಂದೆ ಸಣ್ಣ ಸಣ್ಣ ಓಣಿಗಳಿವೆ. ಕನ್ಸರ್ವೆನ್ಸಿ ಲೇನ್ ಅಂತ ಅದಕ್ಕೆ ಹೆಸರು. ಮಲ ಎತ್ತುವವರು ಮುಂಬಾಗಿಲಿಗೆ ಕಾಣದಂತೆ ಬಂದು ಹೋಗಲು ಮಾಡಿದ ದಾರಿ. ಇವತ್ತು ಅಂಥ ಕೆಲವು ಓಣಿಗಳ ಗೋಡೆಗೆ ಬಣ್ಣ ಬಳಿದು, ಚಿತ್ರ ಬರೆದು ಚಂದ ಮಾಡಿದ್ದಾರೆ. ಚಂದ ಮಾಡಿದ್ದಕ್ಕೆ ತಕರಾರಿಲ್ಲ. ಆ ದಾರಿಯಲ್ಲಿ ಯಾರು ನಡೆದರು ಅನ್ನುವುದು ಆ ಗೋಡೆಗಳ ಮೇಲೆ ಎಲ್ಲಾದರೂ ಇದೆಯೇ ಎಂದು ಮಾತ್ರ ಕೇಳಬೇಕು.

ಈಗ ನಿವಾಸಿಗಳ ಮನವಿಗೆ ಬರೋಣ. ನಮ್ಮ ಬಡಾವಣೆಯಲ್ಲೂ ಇಂಥ ಕಾಗದಗಳು ಮನೆಯಿಂದ ಮನೆಗೆ ಸಹಿಗೆ ಬರುತ್ತವೆ. ಶುರುವಿನ ಒಕ್ಕಣೆ ಹೆಚ್ಚುಕಡಿಮೆ ಒಂದೇ: ತೆರಿಗೆ ಕಟ್ಟುವ ನಾಗರಿಕರಾದ ನಾವು. ಎಷ್ಟು ಗಟ್ಟಿಯಾದ ಕರ್ತೃಪದ ನೋಡಿ. ಆಮೇಲೆ ದೂರು: ಕಸ ವಿಲೇವಾರಿ ಆಗುತ್ತಿಲ್ಲ, ಚರಂಡಿ ಶುಚಿಯಾಗುತ್ತಿಲ್ಲ, ಬೀದಿ ಗುಡಿಸಲಾಗುತ್ತಿಲ್ಲ. ಈ ವಾಕ್ಯಗಳಿಗೆ ಕರ್ತೃವೇ ಇಲ್ಲ. ಕಸ ತಾನಾಗಿ ವಿಲೇವಾರಿ ಆಗಬೇಕು, ಚರಂಡಿ ತಾನಾಗಿ ಶುಚಿಯಾಗಬೇಕು. ಮಾಡುವವರು ವಾಕ್ಯದೊಳಗೆ ಕಾಣಿಸಿಕೊಳ್ಳುವುದು ಒಂದೇ ಸಂದರ್ಭದಲ್ಲಿ, ತಪ್ಪು ಹೊರಿಸುವಾಗ: ಪೌರಕಾರ್ಮಿಕರು ಸರಿಯಾಗಿ ಬರುತ್ತಿಲ್ಲ. ಹಿಂದಣ ಓಣಿ ಮಲ್ಲೇಶ್ವರದ ನಕ್ಷೆಯಲ್ಲಿ ಮಾಡಿದ ಕೆಲಸವನ್ನೇ ಈ ವ್ಯಾಕರಣ ಕಾಗದದ ಮೇಲೆ ಮಾಡುತ್ತದೆ. ಕೆಲಸ ಆಗಬೇಕು, ಕೆಲಸದವರು ಕಾಣಬಾರದು.

ಈ ಮನವಿಗಳಿಗೆ ಸಹಿ ಹಾಕುವವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ನಿವಾಸಿಗಳು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತಾರೆ. ಮಹಿಳೆಯರಿಗೆ ಮನೆಯಲ್ಲಿ ನೀರು ಕೊಡುವವರೂ ಇದ್ದಾರೆ. ವ್ಯಕ್ತಿಗಳ ಒಳ್ಳೆಯತನ ನನ್ನ ವಿಷಯವಲ್ಲ. ಒಳ್ಳೆಯವರ ಕೈಯಿಂದಲೂ ಇಂಥ ವಾಕ್ಯವನ್ನೇ ಬರೆಸುವ ಭಾಷೆ ನನ್ನ ವಿಷಯ.

3

ಕನ್ನಡ ಸಾಹಿತ್ಯಕ್ಕೆ ಕೇಳುವ ದಲಿತ ಗೊತ್ತಿಲ್ಲ ಎಂದಲ್ಲ. ‘ಚೋಮನ ದುಡಿ’ (1933) ಪೂರಾ ಒಂದು ಬೇಡಿಕೆಯ ಕತೆ. ಚೋಮನಿಗೆ ಉಳಲು ಒಂದಿಷ್ಟು ಭೂಮಿ ಬೇಕು. ಅವನು ಕೇಳುವುದು ಧಣಿಯನ್ನು. ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗುತ್ತದೆ, ಅವನ ತಾಯಿ ಒಪ್ಪುವುದಿಲ್ಲ. ಅಲ್ಲಿಗೆ ಮುಗಿಯಿತು. ಕಾರಂತರ ಕಾದಂಬರಿ ದೊಡ್ಡದು, ಅದರ ಸಂಕಟ ನಿಜವಾದದ್ದು. ಆದರೆ ಅಲ್ಲಿ ಬೇಡಿಕೆ ಒಬ್ಬ ಮನುಷ್ಯ ಇನ್ನೊಬ್ಬನ ಕರುಣೆಯ ಎದುರು ನಿಂತಂತೆ ನಿಲ್ಲುತ್ತದೆ. ನಡುವೆ ಕಾನೂನು ಇಲ್ಲ, ಕಚೇರಿ ಇಲ್ಲ, ಜತೆಗೆ ನಿಂತ ಜನ ಇಲ್ಲ. ಹೀಗಾಗಿ ಚೋಮನಿಗೆ ಉಳಿಯುವುದು ದುಡಿಯೊಂದೇ.

ದೇವನೂರ ಮಹಾದೇವರ ‘ಒಡಲಾಳ’ಕ್ಕೆ ಬಂದರೆ ಪ್ರಭುತ್ವ ಕೇರಿಯೊಳಗೇ ಬರುತ್ತದೆ. ಬರುವುದು ಪೊಲೀಸಿನ ರೂಪದಲ್ಲಿ, ಕಡಲೆಕಾಯಿ ಕಳವಿನ ತನಿಖೆಗೆ. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ತಾನೇ ಊರೆಲ್ಲ ಹುಡುಕುತ್ತಾಳೆ, ಬೈಯುತ್ತಾಳೆ. ಅವಳ ನಷ್ಟವನ್ನು ಬರೆದುಕೊಳ್ಳುವ ಕಚೇರಿ ಯಾವುದೂ ಇಲ್ಲ. ಬೇರೆಯವರ ನಷ್ಟ ಬರೆದುಕೊಳ್ಳಲು ಸರಕಾರ ಅವಳ ಗುಡಿಸಲ ತನಕ ನಡೆದು ಬರುತ್ತದೆ. ಸಾರ್ವಜನಿಕ ಸೇವೆ ಅನ್ನುವುದು ಕೇರಿಯ ಕಡೆಯಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ನಿಖರವಾದ ಚಿತ್ರ ನನಗೆ ಗೊತ್ತಿಲ್ಲ.

ಚೋಮ ಬೇಡುತ್ತಾನೆ, ಸಾಕವ್ವ ಶಪಿಸುತ್ತಾಳೆ. ಮೂರನೆಯ ಚಿತ್ರವೊಂದು ನಮಗೆ ಬೇಕಿದೆ: ನೂರಾರು ಜನ ಒಟ್ಟು ಕೂತು, ಒಂದು, ಎರಡು, ಮೂರು ಅಂತ ಅಂಕಿ ಹಾಕಿ ಬೇಡಿಕೆ ಬರೆಸುವ ಚಿತ್ರ. ಇದು ನಮ್ಮ ಕಥನದಲ್ಲಿ ಅಪರೂಪ, ಚರಿತ್ರೆಯಲ್ಲಿ ಅಪರೂಪವಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಜಮೀನ್ದಾರರು, ವರ್ತಕರು ದಿವಾನರ ಮುಂದೆ ಅಹವಾಲು ಹೇಳಿಕೊಳ್ಳುತ್ತಿದ್ದ ಸಭೆ. ಕೇಳುವುದು ಕೂಡ ಒಂದು ಸವಲತ್ತು ಎಂಬುದಕ್ಕೆ ಅದು ಸಾಕ್ಷಿ. ಅತ್ತ ಮುಂಬೈ ಪ್ರಾಂತದಲ್ಲಿ, ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂಬ ಬೋಲೆಯವರ ಗೊತ್ತುವಳಿಗೆ 1923ರಲ್ಲಿ ಶಾಸನ ಸಭೆ ಒಪ್ಪಿಗೆ ಕೊಟ್ಟಿತು. ಮಹಾಡದ ಪುರಸಭೆ 1924ರಲ್ಲಿ ಅದರಂತೆ ಠರಾವು ಮಾಡಿತು. ಆದರೂ ಚವದಾರ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆಯಬೇಕಾಯಿತು. ಮಹಾಡ್ ಹೊಸದೇನನ್ನೂ ಬೇಡಿದ ಹೋರಾಟವಲ್ಲ. ಸರಕಾರ ಕಾಗದದ ಮೇಲೆ ಆಗಲೇ ಒಪ್ಪಿಕೊಂಡ ಸಾರ್ವಜನಿಕ ಸೇವೆಯನ್ನು ನೆಲದ ಮೇಲೆ ಕೊಡು ಎಂದು ಹೇಳಿದ ಹೋರಾಟ. ದಲಿತ ಚಳವಳಿಯ ಬೇಡಿಕೆಗಳನ್ನು ಓದುವಾಗ ಇದನ್ನು ಮರೆಯಬಾರದು. ಅಲ್ಲಿ ಹೆಚ್ಚಿನ ಬೇಡಿಕೆಗಳು ಬೇಡಿಕೆಗಳೇ ಅಲ್ಲ, ಜ್ಞಾಪನೆಗಳು.

ನಮ್ಮದೇ ರಾಜ್ಯದ ಇನ್ನೊಂದು ಸಂಗತಿ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ‘ಬೂಸಾ’ ಮಾತು ಎಲ್ಲರಿಗೂ ಗೊತ್ತು. ದಲಿತ ಸಾಹಿತ್ಯದ ಚರಿತ್ರೆ ಬರೆಯುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಆ ಮಾತಿನಿಂದ ಎದ್ದ ಗಲಭೆ, ಅವರ ಮಂತ್ರಿ ಪದವಿ ಹೋದದ್ದು, ದಲಿತ ವಿದ್ಯಾರ್ಥಿಗಳು ಒಟ್ಟಾದದ್ದು ಎಲ್ಲ ದಾಖಲಾಗಿದೆ. ಆದರೆ ಅದೇ ಬಸವಲಿಂಗಪ್ಪನವರು ದೇವರಾಜ ಅರಸು ಸರಕಾರದಲ್ಲಿ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಅಂಥದೊಂದು ಕಾಯ್ದೆ ಬಂದದ್ದು 1993ರಲ್ಲಿ, ಇಪ್ಪತ್ತು ವರ್ಷ ಬಿಟ್ಟು. ಸಾಹಿತ್ಯ ಬೂಸಾ ಎಂದ ವಾಕ್ಯಕ್ಕೆ ಸಿಕ್ಕಿದ ವಿಮರ್ಶೆಯ ಗಮನದಲ್ಲಿ ನೂರಕ್ಕೊಂದು ಪಾಲು ಮಲದ ಬಕೆಟ್ಟು ಇಳಿಸಿದ ಆದೇಶಕ್ಕೆ ಸಿಕ್ಕಿಲ್ಲ. ನನ್ನ ಪ್ರಕಾರ ಅವು ಎರಡು ಬೇರೆ ಸಂಗತಿಗಳಲ್ಲ. ಮನುಷ್ಯನ ತಲೆಯ ಮೇಲಿನ ಬಕೆಟ್ಟು ಕಾಣದ ಸಾಹಿತ್ಯಕ್ಕೆ ಆ ಆದೇಶ ಕೊಟ್ಟವರು ಬೇರೆ ಏನೆಂದು ಹೆಸರಿಡಬೇಕಿತ್ತು?

4

ಬೆಂಗಳೂರಿನ ಪೌರಕಾರ್ಮಿಕರ ಹೋರಾಟ ಈ ಹಿನ್ನೆಲೆಯಲ್ಲಿ ಓದಬೇಕಾದ ಪಠ್ಯ. ಅದರ ಬೀಜ ಇರುವುದು 1970ರ ದಶಕದ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿಯಲ್ಲಿ. ಐನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದಿತು ಆ ವರದಿ. ಆಮೇಲಿನ ಸರಕಾರಿ ಆದೇಶಗಳಲ್ಲಿ ಐನೂರು ಏಳುನೂರಾಯಿತು. ನೋಡಲು ಇದು ಬರೀ ಅಂಕಿ. ಬೀದಿಯಲ್ಲಿ ನಿಂತು ನೋಡಿದರೆ ಒಬ್ಬಳ ಪೊರಕೆಗೆ ಇನ್ನೂರು ಜನರ ಕಸ ಹೆಚ್ಚಿಗೆ ಬಿತ್ತು ಅಂತ ಅರ್ಥ.

ಅಷ್ಟರಲ್ಲಿ ಗುತ್ತಿಗೆ ಪದ್ಧತಿ ಬೇರು ಬಿಟ್ಟಿತು. ಪಾಲಿಕೆ ಕಂಟ್ರಾಕ್ಟರಿಗೆ ದುಡ್ಡು ಕೊಡುವುದು, ಕಂಟ್ರಾಕ್ಟರು ಮೇಸ್ತ್ರಿಯ ಮೂಲಕ ಕೆಲಸ ಮಾಡಿಸುವುದು, ಸಂಬಳ ಕೈಗೆ ಬಂದಾಗ ಬಂತು. ಪಿ.ಎಫ್., ಇಎಸ್‌ಐ ಅಂತ ಸಂಬಳದಲ್ಲಿ ಮುರಿದುಕೊಂಡದ್ದು ಖಾತೆಗೆ ಹೋಗಿಲ್ಲ ಎಂಬುದು ಸಂಘದವರ ನಿರಂತರ ದೂರಾಗಿತ್ತು. ಸಂಘ ಕಟ್ಟಿ, ವರ್ಷಗಟ್ಟಲೆ ಬೀದಿಗಿಳಿದ ಮೇಲೆ 2017ರಲ್ಲಿ ಸರಕಾರ ಪೌರಕಾರ್ಮಿಕರ ಗುತ್ತಿಗೆ ತೆಗೆದು ಪಾಲಿಕೆಯಿಂದಲೇ ನೇರ ಪಾವತಿ ಮಾಡಲು ಒಪ್ಪಿತು. ಒಪ್ಪಿದ್ದು ಜಾರಿಗೆ ಬರುವ ಗೊಂದಲದಲ್ಲಿ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಸಂಬಳವೇ ಬರಲಿಲ್ಲ. 2018ರ ಜುಲೈನಲ್ಲಿ ಹಾಗೆ ಸಂಬಳ ಕಾದು ಕಾದು ಒಬ್ಬ ಪೌರಕಾರ್ಮಿಕ ಜೀವ ಕಳೆದುಕೊಂಡ. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂಬುದು ಜೀವದ ಪ್ರಶ್ನೆ ಎಂದು ನಾನು ಹೇಳಿದರೆ ಅದು ಅಲಂಕಾರವಲ್ಲ.

2022ರ ಜುಲೈ 1ರಿಂದ ನಾಲ್ಕು ದಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಬೆಂಗಳೂರಿನವರು ಸೇರಿದ್ದು ಫ್ರೀಡಂ ಪಾರ್ಕಿನಲ್ಲಿ. ಅದು ಹಳೆಯ ಸೆಂಟ್ರಲ್ ಜೈಲು. 2021ರ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಜಾಗ ಅದೊಂದೇ. ಕೇಳುವ ಬಾಯಿಗಳಿಗೆಲ್ಲ ಒಂದೇ ಆವರಣ, ಅದೂ ಜೈಲಿನದು. ಕೇಳಿಸಿಕೊಳ್ಳುವ ಕಡೆಯ ಪರಿಸ್ಥಿತಿ ಇನ್ನೂ ವಿಚಿತ್ರ. ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದು ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮಾಡುವ ತನಕ ಒಂದು ಚುನಾವಣೆಯೂ ನಡೆಯಲಿಲ್ಲ. ಐದು ವರ್ಷ ಈ ನಗರದಲ್ಲಿ ವಾರ್ಡಿನ ಮನವಿಗೆ ವಾರ್ಡಿನ ಪ್ರತಿನಿಧಿ ಇರಲಿಲ್ಲ. ರಾಜಾಜಿನಗರದ ನಿವಾಸಿಗೂ ಇರಲಿಲ್ಲ, ಅವರ ಬೀದಿ ಗುಡಿಸುವವಳಿಗೂ ಇರಲಿಲ್ಲ. ಈ ಒಂದು ವಿಷಯದಲ್ಲಾದರೂ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಬಹುದಿತ್ತು.

ಆ ಮುಷ್ಕರದ ಬೇಡಿಕೆಗಳನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅದರ ಕರ್ತೃಪದ. ಕಾಯಂ ಮಾಡಿ, ಗುತ್ತಿಗೆ ಪದ್ಧತಿ ಪೂರ್ತಿ ತೆಗೆಯಿರಿ, ಶೌಚಾಲಯ ಕೊಡಿ, ಕುಡಿಯುವ ನೀರು ಕೊಡಿ, ಸುರಕ್ಷಾ ಸಾಮಗ್ರಿ ಕೊಡಿ, ಮಕ್ಕಳ ಓದಿಗೆ ನೆರವಾಗಿ. ಇಲ್ಲಿ ‘ಕಸ ವಿಲೇವಾರಿ ಆಗುತ್ತಿಲ್ಲ’ ಎಂಬಂಥ ಕರ್ತೃವಿಲ್ಲದ ಮಾತಿಲ್ಲ. ಗುಡಿಸುವವರು ನಾವು, ಎತ್ತುವವರು ನಾವು, ಕೇಳುವವರೂ ನಾವೇ. ಇಡೀ ನಗರದ ಶೌಚದ ಭಾರ ಹೊತ್ತವರು ತಮಗೊಂದು ಶೌಚಾಲಯ ಬೇಕು ಎಂದು ಬರೆದು ಕೊಡಬೇಕಾಗಿ ಬಂದ ವ್ಯಂಗ್ಯವನ್ನು ಯಾವ ಕವಿಯೂ ಕಟ್ಟಬೇಕಾಗಿಲ್ಲ. ಅದು ಪಟ್ಟಿಯಲ್ಲಿ ಅಂಕಿ ಹಾಕಿಸಿಕೊಂಡು ಸುಮ್ಮನೆ ಕೂತಿದೆ.

ಇನ್ನೂ ಮುಖ್ಯವಾದ ಮಾತೊಂದಿದೆ. ನಿವಾಸಿಗಳು ಕೇಳುವುದೇನು? ಬೀದಿ ದಿನಾ ಗುಡಿಸಬೇಕು ಅಂತ. ಪೌರಕಾರ್ಮಿಕರು ಕೇಳುವುದೇನು? ಕೆಲಸಕ್ಕೆ ತಕ್ಕಷ್ಟು ಜನ ಇರಬೇಕು, ಇರುವವರು ಕಾಯಂ ಆಗಬೇಕು ಅಂತ. ಎರಡನೆಯದು ಆಗದೆ ಮೊದಲನೆಯದು ಆಗುವುದಿಲ್ಲ. ಸಾಲಪ್ಪ ವರದಿಯ ಅಂಕಿಯನ್ನು ನೆನಪಿಸಿದ್ದು ಕಾರ್ಮಿಕರ ಸಂಘಗಳೇ. ಹಾಗಾದರೆ ನಗರದ ಸಾರ್ವಜನಿಕ ಸೇವೆಯ ಬಗ್ಗೆ ಪೂರ್ತಿಯಾಗಿ ಯೋಚಿಸಿದವರು ಯಾರು? ತೆರಿಗೆಯ ರಸೀತಿ ಹಿಡಿದವರಿಗಿಂತ ಪೊರಕೆ ಹಿಡಿದವರು ಎಂದು ನನ್ನ ಅಭಿಪ್ರಾಯ. ‘ತೆರಿಗೆ ಕಟ್ಟುವ ನಾಗರಿಕ’ ತನ್ನ ಮನೆಯ ಮುಂದಿನ ಬೀದಿಯ ಬಗ್ಗೆ ಮಾತಾಡುತ್ತಾನೆ. ಪೌರಕಾರ್ಮಿಕಳ ಪಟ್ಟಿ ಐನೂರು ಮನುಷ್ಯರ ಲೆಕ್ಕದಲ್ಲಿ ಇಡೀ ಊರಿನ ಬಗ್ಗೆ ಮಾತಾಡುತ್ತದೆ.

ಆ ಮುಷ್ಕರ ಲಿಖಿತ ಭರವಸೆಯೊಂದಿಗೆ ಮುಗಿಯಿತು. ಅದೇ ವರ್ಷ ಸಚಿವ ಸಂಪುಟ ರಾಜ್ಯದಲ್ಲಿ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಒಪ್ಪಿತು. 2025ರ ಮೇ 1ರಂದು ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಸಿಕ್ಕಿತು. ಇದು ಸಣ್ಣ ಗೆಲುವಲ್ಲ. ಆದರೆ ಬೆಳಿಗ್ಗೆ ಮನೆ ಬಾಗಿಲಿಗೆ ಬರುವ ಆಟೊ ಟಿಪ್ಪರಿನ ಚಾಲಕ, ಜತೆಗೆ ಡ್ರಮ್ಮಿಗೆ ಕಸ ಸುರಿದುಕೊಳ್ಳುವ ಸಹಾಯಕ, ಲಾರಿಗೆ ಕಸ ಏರಿಸುವ ಲೋಡರು ಆ ಪಟ್ಟಿಯಲ್ಲಿ ಇರಲಿಲ್ಲ. ಅದೇ ಜಾತಿ, ಅದೇ ಕೇರಿ, ಎಷ್ಟೋ ಕಡೆ ಒಂದೇ ಮನೆ. ಹೆಂಡತಿ ಪೊರಕೆ ಹಿಡಿದು ಕಾಯಂ, ಗಂಡ ಟಿಪ್ಪರಿನ ಹಿಂದೆ ನಿಂತು ಗುತ್ತಿಗೆ. ‘ಪೌರಕಾರ್ಮಿಕ’ ಪದದ ಅರ್ಥವನ್ನು ಬೀದಿ ಗುಡಿಸುವವರಿಗಷ್ಟೇ ಸೀಮಿತ ಮಾಡಿ ಸರಕಾರ ಅರ್ಧ ಜನರನ್ನು ವಾಕ್ಯದಿಂದ ಹೊರಗಿಟ್ಟಿತು. ಪದಗಳ ವ್ಯಾಖ್ಯಾನ ಬರೀ ನಿಘಂಟುಕಾರರ ಕೆಲಸ ಅಂದುಕೊಂಡವರು ಇದನ್ನು ಗಮನಿಸಬೇಕು.

5

ನನ್ನದೇ ಒಂದು ತಕರಾರು ಈ ಹಕ್ಕೊತ್ತಾಯಗಳ ಭಾಷೆಯ ಬಗ್ಗೆಯೂ ಇದೆ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹಳಷ್ಟು ಜನ ಮಾದಿಗರು, ಮನೆಮಾತು ತೆಲುಗು. ಪಾವಗಡದ ಕಡೆಯಿಂದ, ರಾಯಲಸೀಮೆಯಿಂದ ಬಂದ ಕುಟುಂಬಗಳು. ನಮ್ಮ ಮನೆಯದೂ ಅದೇ ಮಾತು. ನಾನು ಕನ್ನಡ ಎಂ.ಎ. ಓದಿದವಳು, ಅಜ್ಜಿ ಇವತ್ತಿಗೂ ನನ್ನನ್ನು ಬೈಯುವುದು ತೆಲುಗಿನಲ್ಲೇ. ನಮ್ಮ ಬೀದಿ ಗುಡಿಸುವ ಅಕ್ಕ ಒಂದು ದಿನ ಸಂಘದ ಕರಪತ್ರ ನನ್ನ ಕೈಗೆ ಕೊಟ್ಟು, “ಮೇಡಂ, ನಮ್ಮ ಹುಡುಗಿ ಓದಿದ್ಲು, ಅರ್ಧ ತಿಳೀಲಿಲ್ಲ. ನೀವು ಓದಿ ಹೇಳ್ರೀ” ಅಂದರು. ‘ಉಲ್ಲೇಖಿತ ಅಧಿಸೂಚನೆಯನ್ವಯ’ ಅನ್ನುವ ಸಾಲು ಬಂದಾಗ ನಾನು ತೆಲುಗಿಗೆ ಇಳಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು: “ಇಷ್ಟೇನಾ? ಇದನ್ನ ನಾವೇ ಹೇಳಿದ್ದು ಮೀಟಿಂಗಲ್ಲಿ. ಬರೆದಾಗ ನಮಗೇ ಗೊತ್ತಾಗದಂಗೆ ಆಗೈತೆ.”

ಈ ಮಾತನ್ನು ನಾನು ವಿಮರ್ಶೆಯ ಮಾತು ಎಂದೇ ತೆಗೆದುಕೊಂಡಿದ್ದೇನೆ. ಕಚೇರಿಗೆ ಕೇಳಿಸಬೇಕಾದರೆ ಕಚೇರಿಯ ಭಾಷೆ ಬೇಕು. ಕಚೇರಿಯ ಭಾಷೆಗೆ ಹೋದರೆ ಹೇಳಿದವಳ ಬಾಯಿಂದ ಮಾತು ಜಾರುತ್ತದೆ. ಕನ್ನಡದ ಹೆಸರಿನಲ್ಲಿ ಆಡಳಿತ ನಡೆಸುವವರೂ, ಕನ್ನಡ ಉಳಿಸಿ ಎಂದು ಮನವಿ ಕೊಡುವವರೂ ಈ ನಗರದ ನೆಲ ಮುಟ್ಟಿ ದುಡಿಯುವವರ ಮನೆಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾನು ಕನ್ನಡ ಬೇಡ ಅನ್ನುತ್ತಿಲ್ಲ. ಮೀಟಿಂಗಿನ ಕನ್ನಡ ಬೇಕು ಅನ್ನುತ್ತಿದ್ದೇನೆ. ‘ಬೇಡಿಕೆ’ ಎಂಬ ಪದದಲ್ಲೇ ಬೇಡುವುದು ಇದೆ. ಅದನ್ನು ಬಿಟ್ಟು ಚಳವಳಿಗಳು ‘ಹಕ್ಕೊತ್ತಾಯ’ ಎಂಬ ಪದ ಕಟ್ಟಿಕೊಂಡವು. ಪಾರಸಿಯ ದಾರಿಯಲ್ಲಿ ಬಂದ ಹಕ್ಕು, ಕನ್ನಡದ ಒತ್ತಾಯ. ಎರಡು ಭಾಷೆ ಸೇರಿ ತಲೆಯೆತ್ತಿದ ಪದ. ಪದ ಕಟ್ಟುವ ಆ ಧೈರ್ಯ ಪದದ ಮುಂದಿನ ವಾಕ್ಯಗಳಿಗೂ ಬರಲಿ ಎಂಬುದು ನನ್ನ ಆಸೆ.

ಮಾತೇ ಸೋತಾಗ ಏನಾಗುತ್ತದೆ ಎಂಬುದನ್ನು 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರು ತೋರಿಸಿತು. ಇದ್ದ ಜಾಗದಿಂದ ಎಬ್ಬಿಸಲು ಪುರಸಭೆ ಹೊರಟಾಗ ಅಲ್ಲಿನ ಭಂಗಿ ಸಮುದಾಯದವರು ಅದರ ಎದುರು ತಮ್ಮ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅದೂ ಒಂದು ಮನವಿ ಪತ್ರವೇ. ಕಾಗದವನ್ನು ಓದದ ಕಚೇರಿಗೆ ಮೈಯನ್ನೇ ಕಾಗದ ಮಾಡಿ ಕೊಟ್ಟದ್ದು. ಅಂದು ಇಡೀ ರಾಜ್ಯ ನಾಚಿಕೊಂಡಿತು ಎಂದು ಬರೆದರು. ನಾಚಿಕೆ ಓದಿಗೆ ಬದಲಿ ಆಗುವುದಿಲ್ಲ.

6

ಓದುವುದಕ್ಕೆ ಬದಲಾಗಿ ಪ್ರಭುತ್ವ ಕೊಡುವ ಇನ್ನೊಂದು ವಸ್ತು ಮರ್ಯಾದೆ. 1936ರಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಆದರ್ಶ ಭಂಗಿ ಹೇಗಿರಬೇಕೆಂದು ಬರೆದರು. ಆ ಕೆಲಸದಲ್ಲಿ ಘನತೆ ಕಂಡರು. ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದ್ದಾರೆ ಎಂದು ಕೇಳುವ 1945ರ ಪುಸ್ತಕದಲ್ಲಿ ಅಂಬೇಡ್ಕರ್ ಇದನ್ನು ಕ್ರೂರ ಪರಿಹಾಸ್ಯ ಎಂದೇ ಬಗೆದರು. ಬಿಡಿಸಬೇಕಾದ ಕೆಲಸವನ್ನು ಹೊಗಳಿ ಅದರಲ್ಲೇ ಉಳಿಸುವುದು ಎಂಥ ಉಪಕಾರ? ಈ ಜಗಳ ಮುಗಿದಿಲ್ಲ. 2020ರ ಲಾಕ್‌ಡೌನಿನಲ್ಲಿ ಪೌರಕಾರ್ಮಿಕರನ್ನು ಕೊರೊನಾ ವಾರಿಯರ್ ಎಂದು ಕರೆದು ಅಲ್ಲಲ್ಲಿ ಹೂ ಹಾಕಿದರು. ಪ್ರತಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆ, ಶಾಲು, ಹಾರ.

ಹೂ ಸುರಿಯುವ ಕಾಲದಲ್ಲಿ ಸೇವೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ನಮ್ಮ ಬಡಾವಣೆಯಲ್ಲೇ ಸಾಕ್ಷಿ ಇದೆ. 2020ರ ಜುಲೈನಲ್ಲಿ ಕೋವಿಡ್‌ನಿಂದ ತೀರಿಕೊಂಡ ಇಬ್ಬರ ಶವಗಳು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಶವಾಗಾರದಲ್ಲೇ ಉಳಿದುಹೋಗಿದ್ದವು. ಗೊತ್ತಾದದ್ದು 2021ರ ನವೆಂಬರಿನಲ್ಲಿ, ಶುಚಿ ಮಾಡುವ ಸಿಬ್ಬಂದಿ ಅಲ್ಲಿಗೆ ಹೋದಾಗ. ವ್ಯವಸ್ಥೆಯ ಲೋಪವನ್ನು ಎಲ್ಲರಿಗಿಂತ ಮೊದಲು ಕಾಣುವ ಕಣ್ಣು ಪೊರಕೆ ಹಿಡಿದವರದು. ಅವರ ಕಣ್ಣಿಗೆ ಕಂಡದ್ದನ್ನು ಕೇಳಿ ನೀತಿ ಮಾಡಿದ ಸಮಿತಿಗಳು ಎಷ್ಟು?

ಮರ್ಯಾದೆಯ ಪದ ಕೊಟ್ಟು ಹಕ್ಕನ್ನು ತಡೆಹಿಡಿಯುವ ಈ ವಿದ್ಯೆ ನನಗೂ ಪರಿಚಯ. ನಾನು ಒಂದು ಕಾಲೇಜಿನಲ್ಲಿ ‘ಅತಿಥಿ’ ಉಪನ್ಯಾಸಕಿ. ನನಗೆ ಬರುವುದು ಸಂಬಳವಲ್ಲ, ‘ಗೌರವಧನ’. ಅತಿಥಿಗೆ ಮನೆಯಲ್ಲಿ ಪಾಲಿಲ್ಲ, ಗೌರವಕ್ಕೆ ಗಡುವಿಲ್ಲ. 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾ ಕಾಯಮಾತಿಗಾಗಿ ತರಗತಿ ಬಹಿಷ್ಕರಿಸಿ ಕೂತಾಗ ಅವರ ಬಾಯಲ್ಲಿದ್ದ ಪದ ಪೌರಕಾರ್ಮಿಕರದೇ: ಕಾಯಂ. ಇದರಿಂದ ನಾನೂ ಅವರೂ ಒಂದೇ ಅಂತ ಹೇಳಿಕೊಳ್ಳುವುದಿಲ್ಲ. ನನ್ನ ಕೈಯಲ್ಲಿ ಸುಣ್ಣದಕಡ್ಡಿ ಇದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಾಗಿಲ್ಲ. ಜಾತಿ ಕೆಲಸದ ಜತೆ ಹುಟ್ಟಿನಿಂದ ಅಂಟಿಕೊಂಡು ಬರುವುದು ಬೇರೆ, ಗುತ್ತಿಗೆ ಅಂಟಿಕೊಳ್ಳುವುದು ಬೇರೆ. ಆದರೆ ಪೌರ, ಅತಿಥಿ, ಗೌರವ ಎಂಬ ಮೂರು ಪದಗಳನ್ನು ಒಂದೇ ಕಾರ್ಖಾನೆ ತಯಾರಿಸಿದೆ ಎಂಬುದನ್ನು ಗುರುತಿಸಿದರೆ ಭಾಷೆಯ ಪಾಠ ಹೇಳುವವರಿಗೂ ಬೀದಿಯ ಹೋರಾಟಕ್ಕೂ ನಡುವೆ ಒಂದು ದಾರಿ ಕಾಣುತ್ತದೆ.

ಇದೆಲ್ಲ ಸಮಾಜಶಾಸ್ತ್ರ, ವಿಮರ್ಶೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಸರಳ. ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಯಾವ ಪದದಲ್ಲಿ, ಯಾರನ್ನು ವಾಕ್ಯದಿಂದ ಬಿಟ್ಟು? ಈ ಪ್ರಶ್ನೆಗಳನ್ನೇ ಅಲ್ಲವೇ ನಾವು ಕಾವ್ಯಕ್ಕೂ ಕೇಳುವುದು? ಇನ್ನು ನಮ್ಮ ಚಳವಳಿಯವರಿಗೂ ಒಂದು ಮಾತು. ಡಿ.ಸಿ. ಕಚೇರಿಯ ಮುಂದೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು, ಮುಂದಿನ ವರ್ಷ ಅದೇ ಮನವಿಗೆ ತಾರೀಕು ತಿದ್ದಿ ಕೊಡುವ ಆಚಾರ ನಮ್ಮಲ್ಲೂ ಬೆಳೆದಿದೆ. ತಾರೀಕು ಮಾತ್ರ ಬದಲಾದ ಮನವಿಯಲ್ಲಿ ಕೇಳುವವರ ಜೀವ ಇರುವುದಿಲ್ಲ.

ಆದ್ದರಿಂದ ಒಂದು ಕೆಲಸವನ್ನು ಈ ಸಂಚಿಕೆಯ ಓದುಗರ ಮುಂದೆ ಇಡುತ್ತೇನೆ. ನಮ್ಮ ನಮ್ಮ ಊರಿನ ಸಂಘಗಳ ಹಳೆಯ ಅರ್ಜಿಗಳನ್ನು, ಕರಪತ್ರಗಳನ್ನು, ಹಕ್ಕೊತ್ತಾಯಗಳನ್ನು ಟ್ರಂಕಿನಿಂದ ತೆಗೆದು, ತಾರೀಕಿನ ಪ್ರಕಾರ ಜೋಡಿಸಿ, ಬರೆಸಿದವರ ಬಾಯಿಂದ ಅದರ ಕತೆ ಕೇಳಿ ದಾಖಲಿಸಬೇಕು. ವಿದ್ಯಾರ್ಥಿಗಳು ಎಂ.ಎ. ಪ್ರಬಂಧಕ್ಕೆ ಇದನ್ನೇ ವಿಷಯ ಮಾಡಿಕೊಳ್ಳಲಿ. ಕಾರ್ಯಕರ್ತರು ಮುಂದಿನ ಮನವಿ ಬರೆಯುವಾಗ ಮೀಟಿಂಗಿನಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಒಂದು ಸಾಲಾದರೂ ಉಳಿಸಲಿ, ಕಚೇರಿಗೆ ಕಳಿಸುವ ಮುನ್ನ ಅದನ್ನು ಸಹಿ ಹಾಕುವವರಿಗೆ ಅವರ ಮಾತಿನಲ್ಲೇ ಓದಿ ಹೇಳಲಿ. ಟಿಪ್ಪರಿನ ಚಾಲಕರು, ಸಹಾಯಕರು, ಲೋಡರುಗಳ ಹಕ್ಕೊತ್ತಾಯದಿಂದಲೇ ಇದನ್ನು ಶುರು ಮಾಡಬಹುದು.